ಎಪ್ಪತ್ತೆರಡು ಗಂಟೆ, ಆರು ಮೂಗು

ಬಸ್ ಡಿಪೋದಲ್ಲಿ ಅವಳನ್ನು ಎಲ್ಲರೂ ಶೀಟಕ್ಕ ಎಂದೇ ಕರೆಯುತ್ತಿದ್ದರು. ಯಾವ ಡ್ರೈವರು ಯಾವ ಬಸ್ಸನ್ನು ಎಷ್ಟು ಗಂಟೆಗೆ ತೆಗೆಯಬೇಕು, ಯಾರಿಗೆ ಯಾವತ್ತು ವಾರದ ರಜೆ ಎಂದು ಬರೆಯುವ ಡ್ಯೂಟಿ ಶೀಟು ಇಪ್ಪತ್ತೊಂದು ವರ್ಷದಿಂದ ಅವಳ ಕೈಯಿಂದಲೇ ಬರುತ್ತಿತ್ತು. ಕಂಪ್ಯೂಟರ್ ಬಂದಮೇಲೂ ಅವಳು ಮೊದಲು ಅಗಲವಾದ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ಟೈಪ್ ಮಾಡುತ್ತಿದ್ದಳು. ಒಬ್ಬನಿಗೆ ಮಗಳ ಶಾಲೆ, ಇನ್ನೊಬ್ಬನಿಗೆ ಬೆನ್ನುನೋವು, ಮತ್ತೊಬ್ಬನಿಗೆ ಯಾವನೋ ಒಬ್ಬ ಕಂಡಕ್ಟರನ ಮುಖ ಕಂಡರೇ ಆಗದು. ನೂರಾ ನಲವತ್ತು ಜನರ ಇಂಥ ತಕರಾರುಗಳನ್ನೆಲ್ಲ ಅರವತ್ತೊಂದು ರೂಟುಗಳಲ್ಲಿ ಹೊಂದಿಸಿ ಕೂರಿಸುವುದು ಅವಳ ಕೆಲಸ.

ಹೊರಗೆ ಇಷ್ಟು ಮಾಡುವವಳು ಮನೆಯಲ್ಲೂ ಮಾಡುತ್ತಾಳೆ ಎಂದು ಮನೆಯವರು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದರು. ಗಂಡ ಲಿಫ್ಟ್ ಮೆಕ್ಯಾನಿಕ್. ದಿನದ ಅರ್ಧ ಯಾವುದಾದರೂ ಕಟ್ಟಡದ ಲಿಫ್ಟಿನ ಗುಂಡಿಯೊಳಗೆ ಇರುತ್ತಿದ್ದ, ಅಲ್ಲಿ ಫೋನು ಸಿಗುವುದಿಲ್ಲ. ಹದಿನಾರರ ಮಗಳಿಗೆ ಫೋನು ಸಿಗುತ್ತದೆ, ಆದರೆ ಅಮ್ಮನ ಕರೆ ಮಾತ್ರ ಕಾಣುವುದಿಲ್ಲ. ಇನ್ನುಳಿದವರು ಅತ್ತೆ. ವಯಸ್ಸು ಎಪ್ಪತ್ತಮೂರು. ಅವರೂ ಸೊಸೆಯೂ ಐದಾರು ವರ್ಷಗಳಿಂದ ಅಗತ್ಯಕ್ಕೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದರು. ಜಗಳವೇನೂ ಇಲ್ಲ. ಒಂದೇ ಮನೆಯ ಇಬ್ಬರು ಬಾಡಿಗೆದಾರರ ಹಾಗಿದ್ದರು ಅಷ್ಟೇ.

ಅದಕ್ಕೊಂದು ಕಾರಣವಿತ್ತು. ಐದು ವರ್ಷದ ಹಿಂದೆ ಶೀಟಕ್ಕನ ಹೆತ್ತ ತಾಯಿಗೆ ಹೊಟ್ಟೆಯ ಆಪರೇಷನ್ ಆಗಬೇಕಿತ್ತು. ಅವಳು ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತಲೇ, "ಅತ್ತೆ, ಅಮ್ಮನಿಗೆ ಆಪರೇಷನ್ ಅಂತೆ. ನಾಲ್ಕು ದಿನ ಹೋಗಿ ಬರ್ಲಾ?" ಎಂದು ಕೇಳಿದ್ದಳು. ಹಿಂದೆ ಊಟದ ಮೇಜಿನ ಬಳಿ ಕೂತಿದ್ದ ಅತ್ತೆ ಒಂದು ಮಾತೂ ಆಡದೆ ಎದ್ದು ಒಳಗೆ ಹೋಗಿಬಿಟ್ಟಿದ್ದರು. ಅಂದಿನಿಂದ ಅವಳು ಏನನ್ನೂ ಕೇಳಿರಲಿಲ್ಲ.

ಮನೆಯವರೆಲ್ಲ ಹಡಗಿನಲ್ಲಿ ಪ್ರವಾಸ ಹೋಗಬೇಕೆಂಬುದು ಗಂಡನ ಅಕ್ಕನ ಯೋಚನೆ. ಊರಿನ ಇನ್ನೊಂದು ತುದಿಯಲ್ಲಿ ಅವರ ಮನೆ. "ಅಮ್ಮ ಇದುವರೆಗೆ ಸಮುದ್ರದ ಮೇಲೆ ಹೋಗೇ ಇಲ್ಲ. ಎರಡು ದೇಶ, ಆರು ದಿನ. ನಾನು ಆರು ಟಿಕೆಟ್ ಮಾಡಿಸ್ಬಿಟ್ಟೆ," ಎಂದು ಅತ್ತಿಗೆ ಒಂದು ಭಾನುವಾರ ಬಂದು ಹೇಳಿದರು. ಎಲ್ಲರೂ ಕುಣಿದಾಡಿದರು. ಎದ್ದು ಹೊರಡುವಾಗ ಅತ್ತಿಗೆ ಬಾಗಿಲ ಬಳಿ ನಿಂತು ಒಂದು ಕಾಗದದ ಕಂತೆಯನ್ನು ಶೀಟಕ್ಕನ ಕೈಗಿಟ್ಟರು.

"ಇದೇನೋ ಆರೋಗ್ಯ ಪರೀಕ್ಷೆ ಗಿರೀಕ್ಷೆ ಅಂತೆ. ನೀನು ಇದ್ದೀಯಲ್ಲ, ನೋಡ್ಕೋ."

ಕಂತೆ ಹನ್ನೊಂದು ಪುಟವಿತ್ತು. ಅವಳು ಡಿಪೋದಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಅದನ್ನು ಎರಡು ಸಲ ಓದಿದಳು. ಸಾರಾಂಶ ಇಷ್ಟು: ಹಡಗು ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಬಿಡುತ್ತದೆ. ಹತ್ತುವ ಪ್ರತಿಯೊಬ್ಬರೂ ಅದಕ್ಕಿಂತ ಎಪ್ಪತ್ತೆರಡು ಗಂಟೆಯೊಳಗೆ ಮೂಗಿನ ದ್ರವ ಕೊಟ್ಟು, ಸೋಂಕಿಲ್ಲ ಎಂಬ ವರದಿಯನ್ನು ಲ್ಯಾಬಿನಿಂದ ತರಬೇಕು. ಎಪ್ಪತ್ತು ದಾಟಿದವರು ಅದರ ಜೊತೆಗೆ ವೈದ್ಯರಿಂದ ಒಂದು ಫಾರಂ ತುಂಬಿಸಿ ತರಬೇಕು. ಹೃದಯ, ನಡಿಗೆ, ಕಣ್ಣು, ಕಿವಿ, ಎಲ್ಲವನ್ನೂ ನೋಡಿ ಸಹಿ ಹಾಕಿರಬೇಕು.

ಎಪ್ಪತ್ತೆರಡು ಗಂಟೆ ಅಂದರೆ ಯಾವುದರಿಂದ? ಮೂಗಿನಿಂದ ತೆಗೆದ ಹೊತ್ತಿನಿಂದಲೋ, ವರದಿ ಬಂದ ಹೊತ್ತಿನಿಂದಲೋ? ಕಂತೆಯಲ್ಲಿ ಅದು ಇರಲಿಲ್ಲ. ಹಡಗಿನ ಕಂಪನಿಗೆ ಫೋನು ಮಾಡಿದಳು. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದಮೇಲೆ ಒಬ್ಬಳು, "ವರದಿ ಬಂದಾಗಿನಿಂದ" ಎಂದಳು. ಅನುಮಾನವಾಗಿ ಮರುದಿನ ಮತ್ತೆ ಮಾಡಿದಳು. ಬೇರೊಬ್ಬ, "ಇಲ್ಲ ಇಲ್ಲ, ಸ್ಯಾಂಪಲ್ ಕೊಟ್ಟಾಗಿನಿಂದ" ಎಂದ. ಮೂರನೆಯ ದಿನ ಸಿಕ್ಕವನು ನಲವತ್ತೆಂಟು ಗಂಟೆ ಎಂದುಬಿಟ್ಟ.

"ನಿಮ್ಮ ಕಾಗದದಲ್ಲೇ ಎಪ್ಪತ್ತೆರಡು ಅಂತಿದೆಯಲ್ಲ ಸ್ವಾಮಿ!"

"ಹಾಗಿದ್ರೆ ಎಪ್ಪತ್ತೆರಡೇ ಇರ್ಬೇಕು ಮೇಡಂ," ಎಂದು ಅವನು ತಣ್ಣಗೆ ಹೇಳಿದ.

ಬರವಣಿಗೆಯಲ್ಲೇ ಕೊಡಿ ಎಂದು ಮಿಂಚಂಚೆ ಹಾಕಿದಳು. ಐದು ದಿನ ಬಿಟ್ಟು ಉತ್ತರ ಬಂತು: "ದಯವಿಟ್ಟು ನಮ್ಮ ಜಾಲತಾಣ ನೋಡಿ." ಜಾಲತಾಣದಲ್ಲಿ ಇದ್ದದ್ದು ಅದೇ ಹನ್ನೊಂದು ಪುಟ.

ಕೊನೆಗೆ ಅವಳು ತನ್ನ ಕಸುಬಿನ ದಾರಿಯನ್ನೇ ಹಿಡಿದಳು. ಸ್ಯಾಂಪಲ್ ಕೊಟ್ಟಾಗಿನಿಂದ ಎಣಿಸಿದರೂ ವರದಿ ಬಂದಾಗಿನಿಂದ ಎಣಿಸಿದರೂ ತಪ್ಪಾಗದ ಒಂದು ಹೊತ್ತು ಹುಡುಕಬೇಕು. ಲ್ಯಾಬು ಮೂಗಿನ ದ್ರವ ತೆಗೆಯುವುದು ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಮಾತ್ರ. ವರದಿಗೆ ಒಂದು ದಿನ. ಭಾನುವಾರ ತೆಗೆಯುವುದೇ ಇಲ್ಲ. ಶುಕ್ರವಾರ ಬೆಳಿಗ್ಗೆ ಕೊಟ್ಟರೆ ಎಪ್ಪತ್ತೆರಡು ದಾಟುತ್ತದೆ. ಶನಿವಾರವೇ ಆಗಬೇಕು, ಅದೂ ಹನ್ನೊಂದಕ್ಕೆ ಆದಷ್ಟು ಹತ್ತಿರ. ಪೆನ್ಸಿಲಿನಲ್ಲಿ ಗೆರೆ ಎಳೆದು, ಆರು ಜನರ ಹೆಸರು ಬರೆದು, ಶನಿವಾರ ಹತ್ತೂವರೆ ಎಂದು ಹಾಕಿದಳು. ನೂರಾ ನಲವತ್ತು ಜನರನ್ನು ಹೊಂದಿಸುವವಳಿಗೆ ಆರು ಜನ ಯಾವ ಲೆಕ್ಕ ಎಂದು ಅವಳಿಗೇ ಅನಿಸಿತ್ತು.

ಮೊದಲು ಅತ್ತೆಯ ಫಾರಂ. ಒಂದು ಬುಧವಾರ ರಜೆ ಹಾಕಿ ಅವರನ್ನು ವೈದ್ಯೆಯ ಬಳಿಗೆ ಕರೆದುಕೊಂಡು ಹೋದಳು. ಹೃದಯ ಸರಿಯಿತ್ತು. ಹತ್ತು ಹೆಜ್ಜೆ ನಡೆಸಿದರು, ಸರಿಯಿತ್ತು. ಗೋಡೆಯ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಪಟಪಟನೆ ಓದಿದರು. ಆಮೇಲೆ ವೈದ್ಯೆ ಒಂದು ಹಾಳೆಯನ್ನು ತಮ್ಮ ಬಾಯಿಗೆ ಅಡ್ಡ ಹಿಡಿದು, "ಈಗ ನಾನು ಹೇಳೋ ಅಂಕಿ ಹೇಳಿ ಅಮ್ಮ," ಎಂದರು.

ಅದುವರೆಗೆ ಎಲ್ಲದಕ್ಕೂ ಚುರುಕಾಗಿ ಉತ್ತರಿಸುತ್ತಿದ್ದ ಅತ್ತೆ ಕತ್ತು ಮುಂದೆ ಚಾಚಿದರು.

"ಹದಿನೇಳು," ಎಂದರು ವೈದ್ಯೆ.

ಅತ್ತೆ ಹಾಳೆಯನ್ನೇ ನೋಡುತ್ತಿದ್ದರು. ವೈದ್ಯೆ ಇನ್ನೊಮ್ಮೆ ಹೇಳಿದರು. ಅತ್ತೆ ಸೊಸೆಯ ಮುಖದ ಕಡೆ ತಿರುಗಿದರು.

ಪಕ್ಕದ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯಂಥ ಜಾಗದಲ್ಲಿ ಅತ್ತೆಯನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಒತ್ತಿ ಎಂದು ಕೈಗೊಂದು ಗುಂಡಿ ಕೊಟ್ಟರು. ಹೊರಗೆ ನಿಂತ ಶೀಟಕ್ಕನಿಗೆ ಪ್ರತಿ ಸದ್ದಿಗೂ ಯಂತ್ರದ ಮೇಲೆ ದೀಪ ಹತ್ತಿ ಆರುವುದು ಕಾಣುತ್ತಿತ್ತು. ಅತ್ತೆಯ ಹೆಬ್ಬೆರಳು ಅಲುಗದೆ ಗುಂಡಿಯ ಮೇಲೆ ಕೂತಿದ್ದೂ ಕಾಣುತ್ತಿತ್ತು.

"ಎಡಗಿವಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಬಲಗಿವಿ ಅರ್ಧ," ಎಂದರು ವೈದ್ಯೆ. "ಇಷ್ಟು ದಿನ ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ?"

ಆ ಪ್ರಶ್ನೆ ಅವಳ ಕೆನ್ನೆಗೆ ಹೊಡೆದ ಹಾಗಾಯಿತು. ಅತ್ತೆ ತಮ್ಮ ಕೈಚೀಲದ ಹಿಡಿಯನ್ನು ಸರಿಮಾಡಿಕೊಳ್ಳುತ್ತ, "ಆರು ವರ್ಷ ಆಯ್ತು. ಮುಖ ನೋಡ್ತಾ ಇದ್ರೆ ತಿಳಿಯುತ್ತೆ. ತುಟಿ ನೋಡಿ ಅಂದಾಜು ಮಾಡ್ಕೊಳ್ತೀನಿ," ಎಂದರು.

"ಹೇಳೋಕೇನಾಗಿತ್ತು ಅತ್ತೆ?"

"ಹೇಳಿದ್ರೆ ಏನ್ ಮಾಡ್ತಿದ್ರಿ? ಅಜ್ಜಿಗೆ ಕೇಳ್ಸಲ್ಲ ಅಂತ ನನ್ನ ಒಂದು ಮೂಲೇಲಿ ಕೂರಿಸಿ ನಿಮ್ಮನಿಮ್ಮಲ್ಲೇ ಮಾತಾಡ್ಕೊಳ್ತಿದ್ರಿ."

ವೈದ್ಯೆ ಸಹಿ ಹಾಕಿದರು, ಆದರೆ ಒಂದು ಷರತ್ತಿನ ಮೇಲೆ. ಅಪಾಯದ ಗಂಟೆ ಹೊಡೆದರೆ ಎಬ್ಬಿಸಲು ಅದೇ ಕೋಣೆಯಲ್ಲಿ ಹದಿನೆಂಟು ದಾಟಿದವರೊಬ್ಬರು ಇರಲೇಬೇಕು. ಅತ್ತಿಗೆ ಮಾಡಿಸಿದ್ದ ಟಿಕೆಟಿನಲ್ಲಿ ಅತ್ತೆ ಮೊಮ್ಮಗಳ ಜೊತೆ ಒಳಗಿನ ಕೋಣೆಯಲ್ಲಿದ್ದರು. ಶೀಟಕ್ಕ ಮತ್ತು ಗಂಡನಿಗೆ ಸಮುದ್ರ ಕಾಣುವ ಕಿಟಕಿಯ ಕೋಣೆ. ಈಗ ಅದೆಲ್ಲ ಅದಲುಬದಲು ಆಗಬೇಕು. ಮತ್ತೆ ಅದೇ ಫೋನು, ಅದೇ ಸಂಗೀತ.

ಮನೆಗೆ ಮರಳುವಾಗ ಬಸ್ಸಿನಲ್ಲಿ ಅವಳು ಅತ್ತೆಯ ಕಡೆ ಪೂರ್ತಿ ತಿರುಗಿ ಕೇಳಿದಳು.

"ಆವತ್ತು ನಾನು ಅಮ್ಮನ ಆಪರೇಷನ್ ವಿಷಯ ಹೇಳಿದ್ದು ನಿಮಗೆ ಕೇಳ್ಸಿತ್ತಾ?"

"ಯಾವ ಆಪರೇಷನ್ನು?"

"ಐದು ವರ್ಷದ ಹಿಂದೆ. ಹೊಟ್ಟೆ ಆಪರೇಷನ್. ನಾನು ಹೋಗಿದ್ನಲ್ಲ."

ಅತ್ತೆ ಗಾಬರಿಯಾದರು. "ನಿಮ್ಮಮ್ಮನಿಗೆ ಆಪರೇಷನ್ ಆಗಿತ್ತಾ? ತವರಿಗೆ ಹೋಗಿದ್ದಾಳೆ ಅಂತ ಮಗ ಅಂದ. ನನಗೊಂದು ಮಾತು ಹೇಳ್ದೆ ಹೋದ್ಲಲ್ಲ ಅಂತ ನನಗೆ ಎಷ್ಟು ಸಿಟ್ಟು ಬಂದಿತ್ತು ಗೊತ್ತಾ?"

ಶೀಟಕ್ಕ ಕಿಟಕಿಯ ಕಡೆ ಮುಖ ಮಾಡಿದಳು. ಅಳು ಬರಬೇಕಿತ್ತೋ ಏನೋ, ಬಂದದ್ದು ಸಿಟ್ಟು. ಯಾರ ಮೇಲೆ ಎಂದು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಐದು ವರ್ಷ ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಮುಖ ಊದಿಸಿಕೊಂಡು ಓಡಾಡಿದ್ದು ಸುಮ್ಮಸುಮ್ಮನೆ ಎಂದು ತಿಳಿದರೆ ಸಮಾಧಾನವಾಗುವುದಿಲ್ಲ, ಇನ್ನಷ್ಟು ಮೈ ಉರಿಯುತ್ತದೆ.

ಆದರೆ ಉರಿದುಕೊಂಡು ಕೂರಲೂ ಪುರುಸೊತ್ತಿರಲಿಲ್ಲ. ಅತ್ತಿಗೆಯ ಗಂಡ ವಿಮೆ ಏಜೆಂಟರು. ಊರಿನ ಎಲ್ಲ ವಿಷಯಗಳೂ ತಮಗೆ ಇತರರಿಗಿಂತ ಒಂದು ದಿನ ಮೊದಲೇ ಗೊತ್ತು ಎನ್ನುವಂಥ ಮನುಷ್ಯ. ಶನಿವಾರ ಹತ್ತೂವರೆ ಎಂದು ಅವರಿಗೆ ಫೋನು ಮಾಡಿದಾಗ ಅವರು ನಕ್ಕರು.

"ಅಷ್ಟು ದೂರ ಯಾಕಮ್ಮ ಬರೋದು? ನಮ್ಮನೆ ಪಕ್ಕದ ಔಷಧಿ ಅಂಗಡೀಲೇ ಮಾಡ್ತಾರೆ. ಹದಿನೈದು ನಿಮಿಷ. ಆಯ್ತು ಅಂದ್ರೆ ಆಯ್ತು."

"ಅಣ್ಣ, ಅದು ಬೇರೆ ಪರೀಕ್ಷೆ. ಅದು ನಡೆಯಲ್ಲ. ಲ್ಯಾಬಿನ ವರದೀನೇ ಬೇಕು ಅಂತ ನಾಲ್ಕನೇ ಪುಟದಲ್ಲಿದೆ."

"ನೋಡೋಣ, ನೋಡೋಣ."

ಊಟದ ಮೇಜಿನ ಆಚೆ ಬದಿಯಲ್ಲಿ ಅತ್ತೆ ಬಟ್ಟೆ ಮಡಚುತ್ತ, ಸೊಸೆಯ ಮುಖವನ್ನೇ ನೋಡುತ್ತ ಕೂತಿದ್ದರು. ಎರಡು ದಿನ ಬಿಟ್ಟು ಅದೇ ಮೇಜಿನಿಂದ ಮತ್ತೆ ಫೋನು ಮಾಡಿದಳು. ಗುರುವಾರ ಇನ್ನೊಮ್ಮೆ ಮಾಡಿ, ನಾಲ್ಕನೇ ಪುಟದ ಫೋಟೋ ತೆಗೆದು, ಕೆಂಪು ಗೆರೆ ಎಳೆದು ಕಳಿಸಿದಳು. ಅವರು ಅದಕ್ಕೆ ಹೆಬ್ಬೆರಳು ಎತ್ತಿದ ಗುರುತು ಒತ್ತಿದರು. ಒಪ್ಪಿದರು ಎಂದೇ ಅವಳು ಅಂದುಕೊಂಡಳು.

ಶನಿವಾರ ಬಂತು. ಹತ್ತೂವರೆಗೆ ಆರು ಜನ ಲ್ಯಾಬಿನ ಮುಂದೆ ಇರಬೇಕಿತ್ತು, ಇದ್ದದ್ದು ನಾಲ್ಕು. ಅತ್ತಿಗೆ ಒಬ್ಬರೇ ಬಂದಿದ್ದರು. "ಅವರು ಅಲ್ಲೇ ಎಲ್ಲೋ ಮಾಡಿಸ್ತಾರಂತೆ ಬಿಡು," ಎಂದರು. ಶೀಟಕ್ಕನ ಗಂಡ ಬೆಳಿಗ್ಗೆಯೇ ಯಾವುದೋ ಕಟ್ಟಡದಲ್ಲಿ ಇಬ್ಬರು ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಓಡಿದ್ದ. ಫೋನು ಮಾಡಿದರೆ ಸಂಪರ್ಕಕ್ಕೆ ಸಿಗುತ್ತಿಲ್ಲ.

ಲ್ಯಾಬಿನ ಕಿಟಕಿಯಲ್ಲಿ ಕೂತಿದ್ದ ಹೆಣ್ಣುಮಗಳು ಅತ್ತೆಯ ಪಾಸ್‌ಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಇಷ್ಟುದ್ದ ಹೆಸರು ನಮ್ಮ ಕಂಪ್ಯೂಟರ್ ತಗೊಳಲ್ಲ ಮೇಡಂ. ಮೊದಲನೇದು ಮಾತ್ರ ಹಾಕ್ತೀನಿ."

"ಪಾಸ್‌ಪೋರ್ಟಿನಲ್ಲಿ ಇರೋ ಹಾಗೇ ಇರ್ಬೇಕು ಕಣಮ್ಮ. ಇಲ್ಲಾಂದ್ರೆ ಹತ್ತಿಸಲ್ಲ."

"ತಗೊಳಲ್ಲ ಮೇಡಂ."

"ನಿಮಗಿಂತ ಮೇಲಿನವರು ಯಾರಿದ್ದಾರೆ?"

ಮೇಲಿನವರು ಹತ್ತು ನಿಮಿಷದ ಮೇಲೆ ಬಾಯಿ ಒರೆಸಿಕೊಳ್ಳುತ್ತ ಬಂದರು. ವರದಿ ಮುದ್ರಿಸಿದಮೇಲೆ ಕೈಯಲ್ಲಿ ಪೂರ್ತಿ ಹೆಸರು ಬರೆದು ಮೊಹರು ಹಾಕಿ ಕೊಡಲು ಒಪ್ಪಿದರು. ಅಷ್ಟರಲ್ಲಿ ಮಗಳು ಮೂಗಿಗೆ ಕಡ್ಡಿ ಹಾಕಿಸಿಕೊಂಡು ಕಣ್ಣಲ್ಲಿ ನೀರು ತುಂಬಿ, "ಮೆದುಳಿಗೇ ಹೋಯ್ತು ಅಮ್ಮ" ಎಂದು ರಾಗ ತೆಗೆದಿದ್ದಳು. ಅತ್ತೆಗೆ ಕಡ್ಡಿ ಹಾಕುವವಳು ಮುಖಗವಸಿನ ಹಿಂದಿನಿಂದ ತಲೆ ಎತ್ತಿ, ತಲೆ ಎತ್ತಿ ಎಂದು ಹೇಳುತ್ತಲೇ ಇದ್ದಳು. ಅವಳ ಬಾಯಿ ಕಾಣದೆ ಏನೂ ತಿಳಿಯದ ಅತ್ತೆ ತಲೆ ತಗ್ಗಿಸುತ್ತಲೇ ಇದ್ದರು.

"ಅವರಿಗೆ ಕೇಳ್ಸಲ್ಲ! ಮುಟ್ಟಿ ಹೇಳಿ!" ಎಂದು ಶೀಟಕ್ಕ ಕೂಗಿದಳು. ಇಡೀ ಸಾಲು ತಿರುಗಿ ನೋಡಿತು. ಅತ್ತಿಗೆ ಬಾಯಿ ತೆರೆದು ನಿಂತರು. ಅವರಿಗೂ ಆ ವಿಷಯ ಗೊತ್ತಾದದ್ದು ಆಗಲೇ.

ಹತ್ತು ಐವತ್ತಕ್ಕೆ ಗಂಡ ಗ್ರೀಸು ಮೆತ್ತಿದ ಕೈಯಲ್ಲಿ ಓಡಿಬಂದ. ಕಿಟಕಿಯ ಹೆಣ್ಣುಮಗಳು ಆಗಲೇ ಮುಚ್ಚುವ ಫಲಕ ಕೈಗೆತ್ತಿಕೊಂಡಿದ್ದಳು.

"ಲಿಫ್ಟು ನಾಲ್ಕನೇ ಮಹಡಿ ಹತ್ರ ನಿಂತುಬಿಟ್ಟಿತ್ತು ಕಣೇ..."

"ನಿಮ್ಮ ಲಿಫ್ಟಿನ ಕತೆ ಆಮೇಲೆ. ಮೂಗು ಕೊಡ್ರಿ ಮೊದಲು!"

ಭಾನುವಾರ ಮಧ್ಯಾಹ್ನ ಐದು ವರದಿಗಳು ಬಂದವು. ಯಾರಿಗೂ ಸೋಂಕಿಲ್ಲ. ಮಗಳ ವರದಿಯಲ್ಲಿ ಹುಟ್ಟಿದ ವರ್ಷ ತಪ್ಪಾಗಿ ಅವಳಿಗೆ ಅರವತ್ತಾರು ವರ್ಷ ಆಗಿತ್ತು. ಲ್ಯಾಬಿಗೆ ಮತ್ತೆ ಎಡತಾಕಿ ತಿದ್ದಿಸಿದಳು. ಅಲ್ಲಿಂದಲೇ ಏಜೆಂಟರಿಗೆ ಫೋನು ಮಾಡಿದಾಗ ಅವರು, "ನಂದೂ ಆಯ್ತು, ಎಲ್ಲ ಪಕ್ಕಾ" ಎಂದು ಇಟ್ಟುಬಿಟ್ಟರು.

ಸೋಮವಾರ ಬಂದರಿನ ದೊಡ್ಡ ಕೋಣೆ. ತಗಡಿನ ಮಾಡು, ಹಗ್ಗ ಕಟ್ಟಿ ಮಾಡಿದ ಸಾಲುಗಳು, ಚಕ್ರದ ಪೆಟ್ಟಿಗೆಗಳ ಗಡಗಡ. ಗಾಜಿನ ಗೋಡೆಯ ಆಚೆ ಹಡಗು ಒಂದು ಬೀದಿಯಷ್ಟು ಉದ್ದಕ್ಕೆ ನಿಂತಿತ್ತು. ಐದು ಜನರ ಕಾಗದಗಳಿಗೆ ಅಧಿಕಾರಿ ಒಂದೊಂದಾಗಿ ಮೊಹರು ಒತ್ತಿದ. ಆರನೆಯದನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟ.

"ಇದು ಹದಿನೈದು ನಿಮಿಷದ ಪರೀಕ್ಷೆ. ನಡೆಯಲ್ಲ ಸರ್."

"ಏನ್ರೀ ನಡೆಯಲ್ಲ? ಸೋಂಕಿಲ್ಲ ಅಂತ ಬರೆದಿದೆಯಲ್ಲ!" ಏಜೆಂಟರ ಧ್ವನಿ ಏರಿತು.

"ಇಲ್ಲೇ ಹೊರಗೆ ಲ್ಯಾಬಿದೆ. ನಾಲ್ಕು ಗಂಟೆ ಆಗುತ್ತೆ ವರದಿಗೆ."

ಗೋಡೆಯ ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಏಜೆಂಟರು ತಮಗೆ ಗೊತ್ತಿದ್ದವರ ಹೆಸರುಗಳನ್ನೆಲ್ಲ ಹೇಳಿದರು. ಯಾರಿಗೋ ಫೋನು ಮಾಡಿದರು. ಅಧಿಕಾರಿ ಮುಂದಿನವರನ್ನು ಕರೆದ. ಆಗ ಏಜೆಂಟರು ಹೆಂಡತಿಗೆ, "ನೀನು ಹೋಗು ಹಾಗಿದ್ರೆ, ನಾನೇನು ಅಡ್ಡ ಬರಲ್ಲ," ಎಂದರು. ಹಾಗೆ ಹೇಳಿದ ಧಾಟಿಯಲ್ಲೇ ಅತ್ತಿಗೆ ಹೋಗುವಂತಿಲ್ಲ ಎಂದು ಎಲ್ಲರಿಗೂ ತಿಳಿಯಿತು.

ಅತ್ತಿಗೆಯ ಮುಖ ಕೆಂಪಾಯಿತು. ಸಿಟ್ಟು ಹೊರಳಿದ್ದು ಶೀಟಕ್ಕನ ಕಡೆಗೆ.

"ನಿನಗೆ ಒಪ್ಪಿಸಿದ್ನಲ್ಲ ನಾನು! ಎಲ್ಲರದ್ದೂ ನೋಡಿದೋಳು ಅವರದ್ದೊಂದು ನೋಡೋಕಾಗ್ಲಿಲ್ವಾ? ಸರಿಯಾಗಿ ಬಿಡಿಸಿ ಹೇಳ್ಬೇಕಿತ್ತು."

ಫೋಟೋ, ಕೆಂಪು ಗೆರೆ, ಹೆಬ್ಬೆರಳು, ಎಲ್ಲ ಶೀಟಕ್ಕನ ಫೋನಿನಲ್ಲಿತ್ತು. ತೆಗೆದು ತೋರಿಸಲು ಕೈಯೇ ಬರಲಿಲ್ಲ. ಗಂಡ ಹಡಗಿನ ಕಡೆ ನೋಡುತ್ತ ನಿಂತಿದ್ದ, ಅಲ್ಲೇನೋ ರಿಪೇರಿ ಇದ್ದ ಹಾಗೆ.

ಅಷ್ಟರಲ್ಲಿ ಅತ್ತೆ ಮುಂದೆ ಬಂದು ಅತ್ತಿಗೆಯ ತೋಳು ಹಿಡಿದರು.

"ಮೂರು ಸಲ ಹೇಳಿದ್ಲು ಅವಳು. ಲ್ಯಾಬಿಂದೇ ಬೇಕು, ಅಂಗಡೀದು ನಡೆಯಲ್ಲ ಅಂತ. ನಾನು ಎದುರಿಗೇ ಕೂತಿದ್ದೆ. ನೋಡಿದ್ದೀನಿ."

"ನಿನಗೆ ಕೇಳ್ಸಲ್ವಲ್ಲಮ್ಮ!"

"ನೋಡಿದ್ದೀನಿ ಅಂದೆ," ಎಂದರು ಅತ್ತೆ.

ಅತ್ತಿಗೆ ಅಮ್ಮನನ್ನು ಒಮ್ಮೆ ತಬ್ಬಿಕೊಂಡು, ಗಂಡನ ಪೆಟ್ಟಿಗೆಯನ್ನೂ ತಾವೇ ಎಳೆದುಕೊಂಡು ಹೊರಬಾಗಿಲ ಕಡೆ ನಡೆದರು. ಏಜೆಂಟರು ಹಿಂದೆ ಹಿಂದೆ ಹೋಗುತ್ತ ಇನ್ನೂ ಫೋನಿನಲ್ಲಿ ಯಾರಿಗೋ ವಿವರಿಸುತ್ತಿದ್ದರು. ಅಮ್ಮನಿಗೆ ಸಮುದ್ರ ತೋರಿಸಬೇಕು ಎಂದು ಎಲ್ಲಕ್ಕೂ ಮೊದಲು ಆಸೆಪಟ್ಟವರು ಅತ್ತಿಗೆಯೇ ಎಂಬುದು ನೆನಪಾಗಿ ಶೀಟಕ್ಕನಿಗೆ ಅವರ ಮೇಲೆ ನೆಟ್ಟಗೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಅದು ಇನ್ನೊಂದು ಹಿಂಸೆ.

ಹಡಗಿನಲ್ಲಿ ಅವಳಿಗೂ ಅತ್ತೆಗೂ ಸಿಕ್ಕಿದ್ದು ಕಿಟಕಿ ಇಲ್ಲದ ಕೋಣೆ. ಮೊದಲೆರಡು ದಿನ ಅತ್ತೆ ವಾಂತಿ ಮಾಡಿದರು, ಅವಳು ತಟ್ಟೆ ಹಿಡಿದಳು. ಮೊದಲ ದೇಶದಲ್ಲಿ ಇಬ್ಬರೂ ಇಳಿಯಲೇ ಇಲ್ಲ. ಮೂರನೆಯ ದಿನ ಹಡಗಿನ ಮೇಲಿನ ತೆರೆದ ಮಹಡಿಗೆ ಬಂದು ಕೂತರು. ಅವಳು ಕುರ್ಚಿಯನ್ನು ಅವರ ಎದುರಿಗೆ ತಿರುಗಿಸಿಕೊಂಡು, ಅಮ್ಮನ ಆಪರೇಷನ್ನಿನ ಕತೆಯನ್ನು ಮೊದಲಿನಿಂದ ಹೇಳಿದಳು. ಐದು ವರ್ಷ ಹಳೆಯ ಕತೆ. ಅತ್ತೆ ನಡುನಡುವೆ ತಡೆದು, "ಎಷ್ಟು ಹೊಲಿಗೆ? ಯಾರು ಜೊತೆಗಿದ್ರು?" ಎಂದು ಕೇಳಿದರು. ಅವಳು ಜೋರಾಗಿ ಹೇಳಿದಾಗ, "ಕಿರುಚಬೇಡ, ನಿಧಾನ ಹೇಳು ಸಾಕು," ಎಂದು ಗದರಿದರು.

ನಾಲ್ಕನೆಯ ದಿನ ಹಡಗಿನ ಮೈಕಿನಲ್ಲಿ ಘೋಷಣೆ ಬಂತು: ಎರಡನೆಯ ದೇಶದವರು ಹಿಂದಿನ ವರದಿಯನ್ನು ಒಪ್ಪುವುದಿಲ್ಲವಂತೆ, ದಡಕ್ಕೆ ಇಳಿಯುವವರೆಲ್ಲ ಹಡಗಿನಲ್ಲೇ ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕಂತೆ. ಐದನೇ ಮಹಡಿಯಲ್ಲಿ ಆಗಲೇ ಸಾಲು ಬೆಳೆದಿತ್ತು. ಗಂಡ ಎಲ್ಲರ ಪಾಸ್‌ಪೋರ್ಟುಗಳನ್ನು ಒಟ್ಟುಮಾಡಿಕೊಂಡು ಬಂದು ಅವಳ ಮುಂದೆ ಹಿಡಿದ.

"ನೀನೇ ಸ್ವಲ್ಪ ಮಾತಾಡ್ತೀಯಾ? ನಿನಗೆ ಇದೆಲ್ಲ ಗೊತ್ತಿದೆಯಲ್ಲ."

ಅವಳು ಅವನ ಕೈಯಿಂದ ತನ್ನದನ್ನೂ ಅತ್ತೆಯದನ್ನೂ ಮಾತ್ರ ತೆಗೆದುಕೊಂಡಳು.

"ನಿಮ್ಮ ಮೂಗು, ನಿಮ್ಮ ಸಾಲು. ಹೋಗಿ ನಿಂತ್ಕೊಳ್ಳಿ."

ಅಪ್ಪ ಮಗಳು ಎರಡು ಗಂಟೆ ಸಾಲಿನಲ್ಲಿ ನಿಂತು, ಹೇಗೋ ಮಾಡಿಸಿಕೊಂಡು, ಊರು ನೋಡಿ ಬಂದರು. ಮತ್ತೆ ಮೂಗಿಗೆ ಕಡ್ಡಿ ಬೇಡವೆಂದು ಅತ್ತೆ ಸೊಸೆ ಇಳಿಯಲಿಲ್ಲ. ಹಡಗಿನ ಅಂಚಿನ ಕಟಾಂಜನದ ಬಳಿ ನಿಂತು ಆ ದೇಶದ ಬಂದರನ್ನೂ, ಬೆಟ್ಟದ ಮೇಲಿನ ಬಿಳಿ ಮನೆಗಳನ್ನೂ, ಒಂದು ಕ್ರೇನು ಪೆಟ್ಟಿಗೆ ಎತ್ತುವುದನ್ನೂ ನೋಡಿದರು. ಅಷ್ಟೇ ಅವರು ಕಂಡ ಪರದೇಶ.

ವಾಪಸು ಬಂದಮೇಲೆ ಅತ್ತೆಯ ಬಲಗಿವಿಗೆ ಯಂತ್ರ ಹಾಕಿಸಿದರು. ಅತ್ತಿಗೆ ಎರಡು ತಿಂಗಳು ಫೋನು ಮಾಡಲಿಲ್ಲ. ಮಾಡಿದಾಗ ಏನೂ ಆಗದವರಂತೆ ಮಾತಾಡಿದರು.

"ನೋಡು, ನಮ್ಮಿಬ್ಬರದ್ದು ಹಾಗೇ ಉಳಿದುಹೋಯ್ತಲ್ಲ. ಮುಂದಿನ ವರ್ಷ ಎಲ್ಲರೂ ಇನ್ನೊಂದ್ಸಲ ಹೋಗೋಣ ಅಂತಿದ್ದೀವಿ. ಈ ಸಲ ಪರೀಕ್ಷೆ ಕಡಿಮೆ ಅಂತೆ, ಕಾಗದ ಮಾತ್ರ ಜಾಸ್ತಿ. ನಿನಗೆ ಕಳಿಸ್ತೀನಿ, ನೋಡ್ಕೋತೀಯಲ್ಲ?"

"ನಂದು, ಅತ್ತೇದು ನೋಡ್ಕೋತೀನಿ ಅತ್ತಿಗೆ. ಮಿಕ್ಕಿದ್ದು ಅವರವರು."

"ಅಯ್ಯೋ, ಇನ್ನೂ ಕೋಪಾನಾ?"

ಇಂಥ ಹೊತ್ತಿನಲ್ಲಿ ಇಪ್ಪತ್ತು ವರ್ಷ ಅವಳು ಹೇಳುತ್ತ ಬಂದದ್ದು, ಛೆ ಛೆ, ಕೋಪ ಯಾಕೆ ಅತ್ತಿಗೆ, ಕಳಿಸಿ ಎಂದು.

"ಹೌದು, ಕೋಪಾನೇ," ಎಂದಳು. ಆಮೇಲೆ ಏಜೆಂಟರ ಆರೋಗ್ಯ ವಿಚಾರಿಸಿ, ಅತ್ತೆಯ ಕೈಗೆ ಫೋನು ಕೊಟ್ಟು, ಡಿಪೋಗೆ ಹೊತ್ತಾಯಿತೆಂದು ಹೊರಟಳು.